ಗಡಿಕಲ್ಲಿನ ಹೊಲದಲ್ಲಿ ಅರ್ಧ ಆಟ

ಹೋದ ಭಾನುವಾರ ಮಧ್ಯಾಹ್ನ ನೀವಿಬ್ಬರೂ ಟಿ.ವಿ. ಮುಂದೆ ಕೂತು ಫುಟ್‌ಬಾಲ್ ನೋಡುತ್ತಿದ್ದಿರಿ. ನಾನು ಹಿಂದೆ ಗೋಡೆಗೆ ಒರಗಿ ಅವರೆಕಾಯಿ ಸುಲಿಯುತ್ತಿದ್ದೆ. ಆಡುತ್ತಿರುವ ಎರಡು ದೇಶಗಳೂ ಒಂದರ ಮುಖ ಒಂದು ನೋಡದವು ಎಂದು ಚಿನ್ನಿ ಹೇಳಿದಳು. ಆ ದೇಶಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ವರ್ಷ ಅವೆರಡು, ಮುಂದಿನ ವರ್ಷ ಬೇರೆ ಎರಡು. ಹೆಸರು ಬದಲಾದರೂ ಮುಖ ತಿರುಗಿಸುವ ರೀತಿ ಒಂದೇ.

“ಇದು ಬರೀ ಸ್ನೇಹದ ಪಂದ್ಯ ಕಣಜ್ಜಿ. ಗೆದ್ರೂ ಕಪ್ ಇಲ್ಲ, ಪಾಯಿಂಟೂ ಇಲ್ಲ” ಎಂದ ಗುರು.

“ಮತ್ಯಾಕ್ಲಾ ಆಡ್ತಾರೆ?” ಎಂದು ಕೇಳಿದೆ. ಅವನು ನನ್ನ ಮುಖ ನೋಡಿದ. ಉತ್ತರ ನನಗೆ ಗೊತ್ತಿತ್ತು, ಆದರೆ ಹೇಳಲಿಲ್ಲ.

ಅರ್ಧ ಆಟ ಮುಗಿದು ಸೀಟಿ ಊದುವ ಹೊತ್ತಿಗೆ ನಿಮ್ಮ ಚಿಕ್ಕತಾತ ಹೊಲದಿಂದ ಬಂದರು. ಯಾರು ಯಾರು ಆಡುತ್ತಿದ್ದಾರೆಂದು ಕೇಳಿ ತಿಳಿದುಕೊಂಡರು. ಅಷ್ಟೇ ಸಾಕಾಯಿತು. “ಗಡೀಲಿ ಒಡ್ದಾಡ್ಕೊಂಡು ಇಲ್ಲಿ ಕೈ ಕುಲುಕ್ತಾವಾ? ಅವರ್ ಜೊತ್ಗೆ ಇವರ್ಗೇನ್ಲಾ ಆಟ? ಮಾನ ಮರ್ವಾದಿ ಬ್ಯಾಡ್ವಾ?” ಎಂದು ಟಿ.ವಿ. ಆರಿಸಿಬಿಟ್ಟರು. ಚಿನ್ನಿ ತಿರುಗಿ ನನ್ನನ್ನು ನೋಡಿದಳು. ನಾನು ಅವರೆಕಾಯಿಯನ್ನು ನೋಡಿದೆ. ಲೋಕದಲ್ಲಿ ಅದಕ್ಕಿಂತ ದೊಡ್ಡ ಕೆಲಸ ಇಲ್ಲವೇನೋ ಎಂಬಂತೆ ಒಂದೊಂದೇ ಕಾಯಿ ಸುಲಿದೆ.

ಮಾತು ನನಗೆ ಯಾವತ್ತೂ ಸರಿಯಾದ ಹೊತ್ತಿಗೆ ಬರುವುದಿಲ್ಲ. ತಾಳವಾಡಿ ಬಸ್ಸಿನಲ್ಲಿ ಇಳಿಯುವ ಜಾಗ ಬಂದರೂ ಕಂಡಕ್ಟರನ್ನು ಕೂಗಲು ನಾಚಿ, ಮುಂದಿನ ನಿಲ್ದಾಣದಿಂದ ಹಿಂದಕ್ಕೆ ನಡೆದು ಬಂದವಳು ನಾನು, ಅದೂ ಒಂದು ಸಲ ಅಲ್ಲ. ಆದ್ದರಿಂದ ಗುರುವಿನ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ ಕೈ ಇದು. ತಪ್ಪಿದ್ದರೆ ತಿದ್ದಿ, ನಗಬೇಡಿ. ನಿಮ್ಮ ಚಿಕ್ಕತಾತ ಆಗಲೇ ನಗುತ್ತಿದ್ದಾರೆ. “ಏನತ್ಗೆ, ಪರೀಕ್ಸೆ ಕಟ್ಟಿದ್ದೀಯಾ?” ಎಂದು ದಿನಕ್ಕೆರಡು ಸಲ ಕೇಳುತ್ತಾರೆ.

ನಾನು ಗಡಿಯ ಆ ಕಡೆಯವಳು ಎಂಬುದು ನಿಮಗೆ ಗೊತ್ತು. ನನ್ನ ತವರು ಕರ್ನಾಟಕದ್ದು, ಈ ಊರು ತಮಿಳುನಾಡಿನದು. ಹಾಗೆಂದರೆ ಬಹಳ ದೂರ ಎಂದುಕೊಳ್ಳಬೇಡಿ. ನಮ್ಮ ಹಿತ್ತಲಿನಿಂದ ನೋಡಿದರೆ ನನ್ನ ತವರಿನ ಹುಣಸೆಮರ ಕಾಣುತ್ತದೆ. ಅವರೂ ಕನ್ನಡದವರು, ನಾವೂ ಕನ್ನಡದವರು. ಅವರ ಮನೆಯಲ್ಲೂ ಶಿವನೇ, ನಮ್ಮ ಮನೆಯಲ್ಲೂ ಶಿವನೇ. ನಡುವೆ ನಾಲ್ಕು ಹೊಲ, ನಾಲ್ಕನೆಯದರಲ್ಲಿ ಒಂದು ಗಡಿಕಲ್ಲು. ಆ ಹೊಲ ಒಂದೇ ಮನೆಯವರದು. ಅರ್ಧಕ್ಕೆ ತಾಳವಾಡಿಯ ಆಫೀಸಿನಿಂದ ಚಿಟ್ಟಾ ಎಂಬ ಜಮೀನಿನ ಕಾಗದ ತರಬೇಕು, ಅರ್ಧಕ್ಕೆ ಚಾಮರಾಜನಗರಕ್ಕೆ ಹೋಗಿ ಪಹಣಿ ತರಬೇಕು. ರಾಗಿಗೆ ಮಾತ್ರ ಅದು ಗೊತ್ತಿರಲಿಲ್ಲ. ಎರಡು ಕಡೆಯೂ ಒಂದೇ ಎತ್ತರಕ್ಕೆ ಬೆಳೆಯುತ್ತಿತ್ತು.

ನಾನು ಮದುವೆಯಾಗಿ ಬಂದ ಮರುವರ್ಷ ಎರಡು ರಾಜ್ಯಗಳ ನಡುವೆ ನದಿ ನೀರಿನ ಗಲಾಟೆ ಎದ್ದಿತು. ಆ ನದಿಯನ್ನು ನಮ್ಮ ಊರಿನವರು ನೋಡಿರಲಿಲ್ಲ, ನನ್ನ ತವರಿನವರೂ ನೋಡಿರಲಿಲ್ಲ. ಅದರ ಒಂದು ಹನಿಯೂ ನಮ್ಮ ಯಾವ ಹೊಲಕ್ಕೂ ಬರುವುದಿಲ್ಲ. ನಮ್ಮದೆಲ್ಲ ಮಳೆ ನಂಬಿದ ನೆಲ. ಆದರೂ ಬಸ್ಸು ನಿಂತವು. ನಮ್ಮ ಊರಿನ ಎಲೆಕೋಸಿನ ಗಾಡಿಯನ್ನು ಆ ಕಡೆಯವರು ತಡೆದು ವಾಪಸು ಕಳಿಸಿದರು. ಅದಕ್ಕೆ ನಮ್ಮವರು ಅವರ ಕುರಿಮಂದೆಯನ್ನು ಎರಡು ದಿನ ಹಿಡಿದಿಟ್ಟುಕೊಂಡರು. ಮೂರನೆಯ ದಿನ ನಮ್ಮ ಊರ ಯಜಮಾನರು ಮಾರಿಗುಡಿಯ ಜಗಲಿಯಲ್ಲಿ ನ್ಯಾಯ ಸೇರಿಸಿ ಕಟ್ಟು ಮಾಡಿದರು: ಆ ಊರಿಗೆ ಹೆಣ್ಣು ಕೊಡಬಾರದು, ತರಬಾರದು. ಅವರ ಕೈಯ ನೀರು ಮುಟ್ಟಬಾರದು. ಯಾರೂ ಗಡಿಕಲ್ಲು ದಾಟಬಾರದು, ಅದರ ಹತ್ತಿರವೂ ಸುಳಿಯಬಾರದು. ಆ ಊರಿನವರೂ ಬಿಡಲಿಲ್ಲ, ಸಂಜೆಯೊಳಗೆ ಅವರೂ ಅದೇ ಕಟ್ಟು ಮಾಡಿದರು.

ಆಗ ನನಗೆ ಏಳು ತಿಂಗಳು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕು. ಅದು ಯಾರೂ ಬರೆದಿಟ್ಟದ್ದಲ್ಲ, ಆದರೆ ಯಾರೂ ಮೀರದ್ದು. ನನ್ನ ಅವ್ವ ಬಾಣಂತನಕ್ಕೆ ಹರಳೆಣ್ಣೆ ಕಾಸಿ, ಹಳೆ ಸೀರೆ ಒಗೆದು ಮಡಿಸಿ ಇಟ್ಟಿದ್ದಳು. ನಾನು ಹೋಗಲಿಲ್ಲ. ನಿಮ್ಮಪ್ಪ ಇಲ್ಲೇ, ಈ ನಡುಮನೆಯಲ್ಲೇ ಹುಟ್ಟಿದ. ಅತ್ತೆ ಇರಲಿಲ್ಲ. ನೀರು ಹಾಕಿದವರು ಪಕ್ಕದ ಮನೆಯವರು. ಅವರ ಉಪಕಾರ ದೊಡ್ಡದು, ಆದರೆ ಪ್ರತಿ ಬಿಸಿನೀರಿನ ಚೊಂಬಿಗೂ ನನಗೆ ಬೇರೆ ಕೈ ನೆನಪಾಗುತ್ತಿತ್ತು.

ಸೋಮವಾರ ಸೋಮವಾರ ಅವ್ವ ಅವರ ಕಡೆಯ ಬದುವಿನ ಮೇಲೆ ಬಂದು ನಿಲ್ಲುತ್ತಿದ್ದಳು. ನಾನು ಈ ಕಡೆಯ ಬದುವಿನಿಂದ ಕೂಸನ್ನು ಎರಡು ಕೈಯಲ್ಲಿ ಎತ್ತಿ ತೋರಿಸುತ್ತಿದ್ದೆ. ನಾಲ್ಕು ಹೊಲದಾಚೆಯಿಂದ ಕೂಸಿನ ಮುಖ ಕಾಣುತ್ತದೆಯೇ? ಬಟ್ಟೆಯ ಗಂಟೊಂದು ಕಂಡಿರಬೇಕು ಅಷ್ಟೆ. ಆದರೂ ಅವಳು ಸೆರಗು ಬೀಸುತ್ತಿದ್ದಳು. ನಿಮ್ಮಪ್ಪನಿಗೆ ಐದು ತಿಂಗಳು ತುಂಬಿತು, ಮೊಮ್ಮಗನ ಮುಖವನ್ನು ಅವಳು ನೋಡಿರಲಿಲ್ಲ.

ಈಗ ನಿಮ್ಮ ತಾತನ ವಿಷಯಕ್ಕೆ ಬರುತ್ತೇನೆ. ಅವರು ಸತ್ಯಮಂಗಲದಲ್ಲಿ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದಿದವರು. ಅಲ್ಲಿಂದ ತಂದದ್ದು ಎರಡೇ: ಚೆನ್ನಾಗಿ ತಮಿಳು, ಮತ್ತು ಫುಟ್‌ಬಾಲಿನ ಹುಚ್ಚು. ಗೋಲು ಕಾಯುವುದು ಅವರ ಕೆಲಸ. ನನ್ನನ್ನು ನೋಡಲು ಬಂದ ದಿನವೂ ಮೊಣಕೈ ತರಚಿಕೊಂಡಿದ್ದರು. ಬೆಟ್ಟದಲ್ಲಿ ಆನೆ ಅಟ್ಟಿಸಿಕೊಂಡು ಬಂತೇ ಎಂದು ನನ್ನಪ್ಪ ಗೌರವದಿಂದ ಕೇಳಿದ್ದರು. ಪ್ರತಿ ವರ್ಷ ರಾಗಿ ಕೊಯ್ದ ಮೇಲೆ, ಮತ್ತೆ ಉಳುವವರೆಗೆ ಒಂದೆರಡು ಸಲ, ಎರಡು ಊರಿನ ಹುಡುಗರೂ ಆ ಗಡಿಕಲ್ಲಿನ ಹೊಲದಲ್ಲಿ ಆಡುತ್ತಿದ್ದರು. ಒಂದು ಗೋಲು ಆ ರಾಜ್ಯದಲ್ಲಿ, ಒಂದು ಗೋಲು ಈ ರಾಜ್ಯದಲ್ಲಿ, ಕಲ್ಲು ಸರಿಯಾಗಿ ನಡುವೆ, ಗೆರೆಯ ಹೊರಗೆ. ಆ ವರ್ಷ ಆಟ ಇಲ್ಲ ಎಂದೇ ಎಲ್ಲರೂ ತಿಳಿದಿದ್ದರು. ನಿಮ್ಮ ತಾತ ಯಜಮಾನರ ಮುಂದೆ ಹೋಗಿ ನಿಂತರು.

“ಜಗಳ ಮುಗೀದೆ ಇರೋವಾಗ ಆಟ ಏನ್ಲಾ?” ಎಂದು ಯಜಮಾನರು ಕೇಳಿದರಂತೆ.

“ಜಗಳಾನೇ ಆಡ್ತೀವಿ ಯಜಮಾನ್ರೆ. ಕಾಲಲ್ಲಿ ಆಡ್ತೀವಿ ಅಷ್ಟೆ. ಸೋಲ್ಸಿ ಬತ್ತೀವಿ.”

ಸೋಲಿಸುವುದು ಎಂದ ಮೇಲೆ ಯಜಮಾನರಿಗೂ ಆಸೆಯಾಯಿತು. ಅವರು ಅದುವರೆಗೆ ಒಂದು ಆಟವನ್ನೂ ನಿಂತು ನೋಡಿದವರಲ್ಲ. ಕಬಡ್ಡಿಯ ಹಾಗೆ ಒಳಗೆ ನುಗ್ಗಿ ಬಡಿದು ಬರುವುದು ಎಂದುಕೊಂಡಿದ್ದರು. ಚೆಂಡಿನ ಹಿಂದೆ ಹೋಗುವ ಆಟಗಾರರು ಮಾತ್ರ ಕಲ್ಲು ದಾಟಬಹುದು, ನೋಡುವವರು ಯಾರೂ ಅವರವರ ಗೋಲಿನ ಕಡೆ ಬಿಟ್ಟು ಕದಲಬಾರದು ಎಂದು ಅಪ್ಪಣೆ ಕೊಟ್ಟರು. ನಿಮ್ಮ ತಾತ ಕೈಮುಗಿದು ಒಪ್ಪಿಕೊಂಡರು. ಆಟಕ್ಕೆ ಎರಡು ಅರ್ಧ ಇರುತ್ತವೆ ಎಂಬುದನ್ನು ಅವರು ಹೇಳಲಿಲ್ಲ, ಯಜಮಾನರು ಕೇಳಲೂ ಇಲ್ಲ.

ಆಟದ ದಿನ ಹೆಂಗಸರು ಅವರವರ ಊರಿನ ಗೋಲಿನ ಹಿಂದೆ ಕೂರುವುದು ವಾಡಿಕೆ. ನೀರು, ಮಜ್ಜಿಗೆ ಅವರ ಹತ್ತಿರ. ಗೋಲು ಕಾಯುವವನ ಹೆಂಡತಿ ಎಂದು ನನ್ನನ್ನು ಕಂಬದ ಪಕ್ಕದಲ್ಲೇ ಕೂರಿಸಿದರು. ತೊಡೆಯ ಮೇಲೆ ಕೂಸು, ಮುಂದೆ ಮಜ್ಜಿಗೆಯ ತಂಬಿಗೆ. ಆ ತುದಿಯ ಗೋಲಿನ ಹಿಂದೆ ಅವ್ವ ಕೂತಿದ್ದಳು. ಬದುವಿಗಿಂತ ಹತ್ತಿರ, ಆದರೂ ದೂರ. ಮೊದಲರ್ಧದಲ್ಲಿ ಏನಾಯಿತೋ ನನಗೆ ತಿಳಿಯದು. ಒಂದೊಂದು ಗೋಲು ಆಯಿತಂತೆ.

ಆಟ ನಡೆಸುತ್ತಿದ್ದ ಶಾಲೆಯ ಮೇಷ್ಟ್ರು ಅರ್ಧ ಆಟದ ಸೀಟಿ ಊದಿದರು. ಆಟಗಾರರು ಕಡೆ ಬದಲಾಯಿಸಿದರು. ನಿಮ್ಮ ತಾತ ನನ್ನ ಮುಂದಿನ ಗೋಲು ಬಿಟ್ಟು, ಹೊಲ ದಾಟಿ, ಅವ್ವ ಕೂತಿದ್ದ ಗೋಲಿನ ಮುಂದೆ ಹೋಗಿ ನಿಂತರು. ಯಜಮಾನರು ಎದ್ದು ನಿಂತು ಕೂಗಿದರು: “ಏನ್ ಮೇಷ್ಟ್ರೆ ಇದು? ನಮ್ಮೈಕ್ಳು ಅವರ ಜಾಗ ಕಾಯ್ತಾ ನಿಂತವಲ್ಲಾ!”

“ನಿಯಮ ಯಜಮಾನ್ರೆ. ಒಲ ಅತ್ತಗೆ ಇಳಿಜಾರು ಅಲ್ವಾ? ಇಳಿಜಾರು ಇಬ್ಬರ್ಗೂ ಸಮ ಆಗ್ಬೇಕು. ಅದ್ಕೇ ಕಡೆ ಬದ್ಲಾಯಿಸೋದು” ಎಂದರು ಮೇಷ್ಟ್ರು.

ನಾನು ಎದ್ದೆ. ಯಾಕೆ ಎದ್ದೆ ಎಂದು ಇಂದಿಗೂ ಗೊತ್ತಿಲ್ಲ. ಕೂಸನ್ನು ಸೊಂಟಕ್ಕೆ ಏರಿಸಿ, ತಂಬಿಗೆ ಎತ್ತಿಕೊಂಡು, ಗೆರೆಯ ಪಕ್ಕದಲ್ಲಿ ನಡೆಯತೊಡಗಿದೆ. ಕೊಯ್ದ ರಾಗಿಯ ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು. ಎರಡು ಊರಿನ ಕಣ್ಣೂ ನನ್ನ ಬೆನ್ನಿನ ಮೇಲಿತ್ತು. ಕಲ್ಲಿನ ಹತ್ತಿರ ಯಜಮಾನರು ಅಡ್ಡ ಬಂದರು.

“ಎತ್ತಗೆ ಮಗ ಓಯ್ತಿದ್ದೀಯೆ?”

ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವರ ಚಪ್ಪಲಿ ನೋಡುತ್ತಾ ಹೇಳಿದೆ: “ನಮ್ ಗೋಲು ಆ ಕಡಿಕಾಯ್ತಲ್ಲ ಯಜಮಾನ್ರೆ. ನಾನೂ ಆ ಕಡಿಕೆ.”

ಅವರವರ ಗೋಲಿನ ಕಡೆ ಬಿಟ್ಟು ಕದಲಬಾರದು ಎಂದವರು ಅವರೇ. ನಾನು ಅವರ ಚಪ್ಪಲಿಯನ್ನು ಸುತ್ತಿಕೊಂಡು ಕಲ್ಲು ದಾಟಿದೆ.

ಅವ್ವ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೂಸನ್ನು ಕಿತ್ತುಕೊಂಡಳು, ನೆತ್ತಿ ಮೂಸಿದಳು, ಹೊಲಕ್ಕೆಲ್ಲ ಕೇಳುವ ಹಾಗೆ ಬೈದಳು: “ಯಾವಳೇ ಇವನ್ಗೆ ಎಣ್ಣೆ ಒತ್ತಿದೋಳು? ನೆತ್ತಿ ಒಣಗೋಗದಲ್ಲೇ! ಐದ್ ತಿಂಗಳು ಏನ್ ಮಾಡ್ತಿದ್ದೆ ನೀನು?” ಸೆರಗಿನ ಗಂಟಿನಿಂದ ಒಂದು ಪುಟ್ಟ ಸೀಸೆ ತೆಗೆದಳು. ಹರಳೆಣ್ಣೆ. ದೂರದಿಂದ ಸೆರಗು ಬೀಸುತ್ತಿದ್ದ ಸೋಮವಾರಗಳಲ್ಲೂ ಅದನ್ನು ಕಟ್ಟಿಕೊಂಡೇ ಬರುತ್ತಿದ್ದಳಂತೆ.

ನಿಮ್ಮ ತಾತ ಈ ಬೈಗುಳ ಕೇಳಿ ನಗುತ್ತಾ ಹಿಂದಕ್ಕೆ ತಿರುಗಿದರು. ಅಷ್ಟರಲ್ಲಿ ಚೆಂಡು ಅವರ ಕಾಲ ಸಂದಿಯಲ್ಲಿ ತೂರಿ ಒಳಗೆ ಬಂತು. ನಾವು ಸೋತದ್ದು ಆ ಗೋಲಿನಿಂದಲೇ. ನಿಮ್ಮ ತಾತ ಸಾಯುವವರೆಗೂ ಊರಿನವರು ಅದನ್ನು ಹೇಳಿ ಅವರನ್ನು ಕಾಡಿದರು. ಅವರು ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ಆಟದ ನಡುವೆ ಬಾಯಾರಿ ಓಡಿ ಬಂದ ನಮ್ಮ ಕಡೆಯವನೊಬ್ಬ ನನ್ನ ತಂಬಿಗೆ ಬರಿದಾದದ್ದು ನೋಡಿ, “ಅತ್ತೆ, ನಿಮ್ದೇ ಕೊಡಿ” ಎಂದು ಅವ್ವನ ಕೈಯಿಂದ ಎರಡು ಚೊಂಬು ಮಜ್ಜಿಗೆ ಇಳಿಸಿದ. ಕಟ್ಟು ಮುರಿದು ಆ ಊರಿನ ಕೈನೀರು ಮುಟ್ಟಿದ ಮೊದಲನೆಯವನು ಅವನು. ಅವನ ಹೆಸರು ಮಲ್ಲಪ್ಪ. ನಿಮ್ಮ ಚಿಕ್ಕತಾತ.

ಹೀಗೆ ನನ್ನ ಬಾಣಂತನ ಅರ್ಧ ಆಟದಷ್ಟು ಹೊತ್ತು ನಡೆಯಿತು. ಅವ್ವ ಕೂಸಿನ ನೆತ್ತಿಗೆ ಒತ್ತಿ ಉಳಿದ ಎಣ್ಣೆಯನ್ನು ನನ್ನ ಅಂಗಾಲಿಗೆ, ಕೂಳೆ ಚುಚ್ಚಿದ ಜಾಗಕ್ಕೆ ತಿಕ್ಕಿದಳು. ಮೇಷ್ಟ್ರ ಸೀಟಿ ಕಳೆದುಹೋಗಲಿ ಎಂದು ನಾನು ಶಿವನನ್ನು ಬೇಡಿಕೊಳ್ಳುತ್ತಿದ್ದೆ.

ಮರುದಿನ ಯಜಮಾನರು ನನ್ನನ್ನು ಮಾರಿಗುಡಿಯ ಜಗಲಿಗೆ ಕರೆಸಿದರು. “ತಪ್ಪಾಯ್ತು ಅನ್ನವ್ವ, ಮುಗ್ದೋಯ್ತದೆ” ಎಂದರು. ನಾನು ತಲೆ ಬಗ್ಗಿಸಿ ನಿಂತೆ. ಇನ್ನೊಮ್ಮೆ ಹೇಳಿದರು. ಮಾತು ಬಾರದವಳು ಎಂದು ಊರೆಲ್ಲ ನನ್ನನ್ನು ಆಡಿಕೊಳ್ಳುತ್ತಿತ್ತಲ್ಲ, ಆ ದಿನ ಅದು ನನಗೆ ಒದಗಿತು. ನೆರಳು ಜಗಲಿ ಇಳಿಯುವವರೆಗೂ ನಿಂತೆ, ಆ ಒಂದು ಮಾತು ಆಡಲಿಲ್ಲ. ಒಂದು ತಿಂಗಳು ಬಾವಿಯಲ್ಲಿ ಯಾರೂ ನನ್ನ ಜೊತೆ ನೀರು ಸೇದಲಿಲ್ಲ. ನಾನೊಬ್ಬಳೇ ಸೇದಿದೆ. ಹಗ್ಗ ನನಗೊಬ್ಬಳಿಗೇ ಸಿಕ್ಕಿದ್ದರಿಂದ ಬೇಗ ಮುಗಿಯುತ್ತಿತ್ತು.

ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಯಜಮಾನರ ಹೆಂಡತಿ ಸಿದ್ದವ್ವ ಬಾವಿಗೆ ಬಂದು, ಅತ್ತಿತ್ತ ನೋಡಿ, ನನ್ನ ಪಕ್ಕದಲ್ಲಿ ಕೊಡ ಇಟ್ಟರು. ಅವರ ತಂಗಿಯನ್ನು ಆ ಊರಿಗೇ ಕೊಟ್ಟಿತ್ತು.

“ಮುಂದ್ಲಾಟ ಯಾವಾಗ್ಲೇ?” ಎಂದು ಮೆಲ್ಲಗೆ ಕೇಳಿದರು.

ಮುಂದಿನ ಆಟ ಯುಗಾದಿಗೆ ಮೊದಲು ನಡೆಯಿತು. ಅರ್ಧ ಮುಗಿದು ಸೀಟಿ ಊದಿದಾಗ ನಮ್ಮ ಗೋಲಿನ ಹಿಂದಿನ ಹೆಂಗಸರೆಲ್ಲ ತಂಬಿಗೆ, ಕೂಸು, ಚಾಪೆ ಎತ್ತಿಕೊಂಡು ಎದ್ದರು. ಆ ತುದಿಯವರೂ ಎದ್ದರು, ಅವರ ಗೋಲು ಈ ಕಡೆಗೆ ಬಂದಿತ್ತಲ್ಲ. ಎರಡು ಗುಂಪೂ ಗಡಿಕಲ್ಲಿನ ಹತ್ತಿರ ಎದುರಾದವು. ಅಲ್ಲಿಂದ ಮುಂದಕ್ಕೆ ಯಾರೂ ಹೋಗಲಿಲ್ಲ, ಕಲ್ಲಿನ ಸುತ್ತ ಅಲ್ಲೇ ಕೂತರು. ಅವರ ಗದ್ದಲಕ್ಕೆ ಮೇಷ್ಟ್ರ ಸೀಟಿಯೇ ಕೇಳಿಸಲಿಲ್ಲ. ಯಜಮಾನರು ದೂರದಲ್ಲಿ ನಿಂತು, ಸಿದ್ದವ್ವ ತಂಗಿಯ ತೊಡೆಗೆ ಹೊಡೆದು ನಗುವುದನ್ನು ಕಾಣದವರಂತೆ ನೋಡುತ್ತಿದ್ದರು. ಆ ಕಟ್ಟನ್ನು ಯಾರೂ ಬಿಚ್ಚಲಿಲ್ಲ. ಇಂದಿಗೂ ಅದು ಹಾಗೇ ಇದೆ. ಅದರ ಮೇಲೆ ನಡೆದೇ ನಾವೆಲ್ಲ ಓಡಾಡುತ್ತೇವೆ.

ಕಪ್ಪಿಲ್ಲ, ಪಾಯಿಂಟಿಲ್ಲ, ಮತ್ತೆ ಯಾಕೆ ಆಡಬೇಕು ಎಂದರೆ ನನ್ನ ಉತ್ತರ ಇದು, ಗುರು. ಆ ಆಟದಿಂದ ನದಿಯ ಜಗಳ ತೀರಲಿಲ್ಲ. ನಿಮ್ಮಪ್ಪನ ನೆತ್ತಿಗೆ ಎಣ್ಣೆ ಬಿತ್ತು. ದೊಡ್ಡವರ ಜಗಳ ಮುಗಿಯಲಿ, ಆಮೇಲೆ ಆಡಿ ಎನ್ನುವವರು ಹೇಳಲಿ, ಅಷ್ಟು ದಿನ ಕೂಸು ಬೆಳೆಯದೆ ಕಾಯುತ್ತದೆಯೇ?

ಇದಿಷ್ಟು ನಿನ್ನೆಗೆ ಬರೆದು ಮುಗಿಸಿದ್ದೆ. ಇವತ್ತು ಮತ್ತೆ ಭಾನುವಾರ. ನಿಮ್ಮ ಚಿಕ್ಕತಾತ ಊಟ ಮುಗಿಸಿ ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಬಾಗಿಲಲ್ಲಿ ನಿಂತು, ಅವರಿಗೆ ಕೇಳುವ ಹಾಗೆಯೇ ಕೇಳಿದೆ: “ಚಿನ್ನಿ, ಓದ್ವಾರದ ಆಟದ ಇನ್ನರ್ಧ ಫೋನಲ್ಲಿ ಸಿಕ್ತದಾ?”

“ಸಿಕ್ತದಜ್ಜಿ.”

“ಆಕವ್ವ ಮತ್ತೆ. ಸದ್ದು ಜೋರಾಗಿ ಮಡಗು.”

ಸುಣ್ಣದ ಬೆರಳು ನಿಂತಿತು. “ಅತ್ಗೆ, ನಾನೇನೇಳಿದ್ದೆ?”

“ನೀನೇಳಿದ್ದು ಕೇಳಿಸ್ಕಂಡೆ ಮಲ್ಲಪ್ಪ. ನಮ್ಮವ್ವನ ಕೈಲಿ ಎರಡ್ ಚೊಂಬು ಮಜ್ಜಿಗೆ ಕುಡ್ದ ಬಾಯೇ ಅಲ್ವಾ ಅದು?”

ನೀವಿಬ್ಬರೂ ನನ್ನನ್ನು ನೋಡಿದ ರೀತಿ ನನಗೆ ನೆನಪಿರುತ್ತದೆ. ಚಿಕ್ಕತಾತ ಎಲೆ ಮಡಿಸಿದರು, ಬಾಯಿಗೆ ಇಟ್ಟುಕೊಂಡರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಎದ್ದು ಒಳಗೆ ಬಂದು ಗುರುವಿನ ಪಕ್ಕದಲ್ಲಿ ಕೂತರು.

“ಮೂರು ಚೊಂಬು” ಎಂದರು. “ಬರೆಯೋದಾದ್ರೆ ಸರ್ಯಾಗಿ ಬರಿ ಅತ್ಗೆ.”

ಎರಡೆಂದೇ ಬಿಟ್ಟಿದ್ದೇನೆ. ಮೂರನೆಯದು ಅವರ ಬಾಯಿಂದಲೇ ಬರಲಿ. ಚಿನ್ನಿ ಫೋನನ್ನು ರಾಗಿ ಅಳೆಯುವ ಸೇರಿಗೆ ಒರಗಿಸಿ ನಿಲ್ಲಿಸಿದಳು. ಆಟಗಾರರು ಕಡೆ ಬದಲಾಯಿಸಿ ನಿಂತಿದ್ದರು. ಯಾರು ಗೆಲ್ಲುತ್ತಾರೆಂದು ನೀವು ಮೂವರೂ ಕೂಗಾಡುತ್ತಿದ್ದಿರಿ. ನಾನು ಚೆಂಡನ್ನು ನೋಡಲಿಲ್ಲ. ಗೋಲಿನ ಹಿಂದೆ ಯಾರಾದರೂ ಎದ್ದಿದ್ದಾರೆಯೇ ಎಂದು ಹುಡುಕುತ್ತಿದ್ದೆ.