ಎಡಗೈಯಲ್ಲಿ ಕೂರಿಸಿದ ಕೆಂಪು ಕಲ್ಲು

ಬಾಯಾರು ಗ್ರಾಮದ ನಮ್ಮ ಮನೆಯ ಜಗಲಿಯೇ ನಮ್ಮ ಕೆಲಸದ ಜಾಗ. ಗಂಡ ಚಿನ್ನ ಕರಗಿಸಿ, ಬಡಿದು ಒಡವೆ ಮಾಡುತ್ತಾರೆ. ಅದರಲ್ಲಿ ಕಲ್ಲು ಕೂರಿಸುವವಳು ನಾನು. ಮದುವೆಯಾಗಿ ಬಂದ ಮೇಲೆ ಅತ್ತೆ ಕಲಿಸಿದ ಕೆಲಸ ಅದು. ಎರಡು ವರ್ಷದ ಹಿಂದೆ ಬಟ್ಟೆ ಒಗೆಯುವಲ್ಲಿ ಪಾಚಿಗೆ ಜಾರಿ ಬಿದ್ದು ನನ್ನ ಬಲಗೈಯ ಮಣಿಕಟ್ಟು ಮುರಿಯಿತು.

ಒಳಗೆ ಲೋಹದ ಪಟ್ಟಿ ಕೂರಿಸಿದ ಡಾಕ್ಟರು, "ಮನೆಗೆಲಸ ಮಾಡ್ಬಹುದು. ಸೂಕ್ಷ್ಮ ಕೆಲಸದ ಆಸೆ ಬಿಡಿ" ಎಂದರು. ಹೊರಗೆ ಬಂದು ಗಂಡನಿಗೆ ಹೇಳಿದೆ: "ಬಲಗೈಯಲ್ಲಿ ಆಗುದಿಲ್ಲ ಅಂತ ಅಲ್ವಾ ಹೇಳಿದ್ದು? ಎಡಗೈ ಉಂಟಲ್ಲ."

ಹೇಳುವುದು ಸುಲಭವಾಗಿತ್ತು. ತಾಮ್ರದ ತುಂಡಿನಲ್ಲಿ ಗೂಡು ಕೊರೆದು, ಗಾಜಿನ ಕಲ್ಲಿಟ್ಟು, ಸುತ್ತಲಿನ ಅಂಚನ್ನು ಸಣ್ಣ ಉಳಿಯಿಂದ ಅದರ ಮೇಲೆ ಒತ್ತಿ ಮಡಿಸುವ ಅಭ್ಯಾಸ ಶುರುಮಾಡಿದೆ. ಎಡಗೈಗೆ ಒತ್ತಡದ ಅಂದಾಜೇ ಇರಲಿಲ್ಲ. ಮೆಲ್ಲಗೆ ಒತ್ತಿದರೆ ಕಲ್ಲು ಅಲ್ಲಾಡುತ್ತಿತ್ತು. ಜೋರಾಗಿ ಒತ್ತಿದರೆ ಉಳಿ ಜಾರಿ ಕಲ್ಲಿನ ಮೂಲೆ ಹಾರುತ್ತಿತ್ತು. ಒಮ್ಮೆ ಉಳಿ ಬಲ ಹೆಬ್ಬೆರಳಿಗೇ ನಾಟಿತು. ಗಂಡ ಅರಸಿನ ಹಚ್ಚುತ್ತಾ, "ಸಾಕು ಮಾರಾಯ್ತಿ. ಕಲ್ಲಿನ ಕೆಲಸ ಮಂಗಳೂರಿಗೆ ಕಳಿಸುವ" ಎಂದರು. ಅಳು ಬಂತು, ಸಿಟ್ಟೂ ಬಂತು. ಮರುದಿನ ಬೆರಳಿಗೆ ಬಟ್ಟೆ ಸುತ್ತಿಕೊಂಡು ಮತ್ತೆ ಕೂತೆ. ಡಬ್ಬಿಯಲ್ಲಿದ್ದ ಗಾಜಿನ ಕಲ್ಲುಗಳು ಮುಗಿದವು. ಇನ್ನೊಂದು ಡಬ್ಬಿ ತರಿಸಿದೆ.

ಆ ಡಬ್ಬಿಯೂ ಅರ್ಧವಾಗಿದ್ದಾಗ ಒಂದು ಬೆಳಿಗ್ಗೆ ಹತ್ತಿರದ ಎಣ್ಮಕಜೆಯಿಂದ ಒಬ್ಬರು ಹೆಂಗಸು ಬಂದರು. ಗೇರು ತೋಟದಲ್ಲಿ ದುಡಿದು ನಿವೃತ್ತರಾದವರು. ಹೂವಿನಂತೆ ಏಳು ಕೆಂಪು ಕಲ್ಲು ಜೋಡಿಸಿದ ಅವರ ಬೆಂಡೋಲೆಯ ನಡುವಿನ ಕಲ್ಲು ಕಳಚಿತ್ತು. ಅದನ್ನು ಬಟ್ಟೆಯ ಚೂರಿನಲ್ಲಿ ಕಟ್ಟಿ ತಂದಿದ್ದರು.

"ಪೇಟೆಯಲ್ಲಿ ಹೊಸತು ಹಾಕುವ ಅಂದ್ರು. ಇದು ನನ್ನ ಅಮ್ಮನ ಓಲೆ. ನನಗೆ ಇದೇ ಕಲ್ಲು ಬೇಕು."

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಅಕ್ಕಾ, ನನ್ನ ಬಲಗೈ ಹೋಗಿದೆ. ಎಡಗೈಯಲ್ಲಿ ಇಷ್ಟರವರೆಗೆ ಬರೀ ಗಾಜು ಕೂರಿಸಿದ್ದು" ಎಂದೆ.

ಅವರು ತಟ್ಟೆಯಲ್ಲಿದ್ದ, ಗಾಜು ಕೂರಿಸಿದ ತಾಮ್ರದ ತುಂಡೊಂದನ್ನು ಎತ್ತಿ ಕಿವಿಯ ಹತ್ತಿರ ಅಲುಗಿಸಿದರು. "ಇದು ಅಲ್ಲಾಡುದಿಲ್ಲ. ಮಾಡಿ. ನಾನು ಇಲ್ಲೇ ಕೂತ್ಕೊಳ್ತೇನೆ."

ಅಲುಗದಂತೆ ಓಲೆಯನ್ನು ಬಿಸಿ ಅರಗಿನಲ್ಲಿ ಊರಿ, ಕಲ್ಲನ್ನು ಗೂಡಿಗಿಳಿಸಿ, ಅಂಚನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಒತ್ತತೊಡಗಿದೆ. ಹಳೆಯ ಚಿನ್ನದ ಅಂಚು ಸವೆದು ತೆಳುವಾಗಿತ್ತು. ಮೂರನೆಯ ಸಲ ಒತ್ತಿದಾಗ ಕಲ್ಲು ಚಿಮ್ಮಿ ಮಾಯವಾಯಿತು. ಗಂಡನೂ ನಾನೂ ನೆಲದ ಮೇಲೆ ಕೈಯಾಡಿಸಿ ಹುಡುಕುತ್ತಿರುವಾಗ ಅವರೇ ತಮ್ಮ ಸೀರೆಯ ನೆರಿಗೆಯಿಂದ ಅದನ್ನು ಹೆಕ್ಕಿದರು.

"ಸಿಕ್ಕಿತು. ಇನ್ನೊಮ್ಮೆ ಮಾಡಿ."

ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಕಲ್ಲು ಕೂತಿತು. ಅವರು ಸೆರಗಿನ ತುದಿಯನ್ನು ಕಲ್ಲಿನ ಮೇಲೆ ಎಳೆದು ನೋಡಿದರು. ನೂಲು ಸಿಕ್ಕಿಕೊಂಡಿತು.

"ಒಂದು ಕಡೆ ಹಿಡೀತಾ ಉಂಟು."

ಅಂಚನ್ನು ಮತ್ತೆ ಒತ್ತಿ ಉಜ್ಜಿದೆ. ಎರಡನೆಯ ಸಲವೂ ನೂಲು ಹಿಡಿಯಿತು. ಮೂರನೆಯ ಸಲ ಸೆರಗು ನಯವಾಗಿ ಜಾರಿತು. ಅರಗಿನಿಂದ ಬಿಡಿಸಿ ಕೊಟ್ಟ ಓಲೆಯನ್ನು ಅವರು ಹಾಕಿಕೊಂಡು, ಕನ್ನಡಿಯನ್ನು ಒಮ್ಮೆ ನೋಡಿ, "ಹಸಿವಾಗ್ತದೆ. ಊಟಕ್ಕೆ ಎಂತ ಉಂಟು?" ಎಂದರು. ಮೂವರೂ ಒಟ್ಟಿಗೆ ಕೂತು ಉಂಡೆವು. ಎಡಗೈ ನೋವಿನಿಂದ ಬಿಗಿದುಕೊಂಡಿತ್ತು. ಆದರೂ ಅಷ್ಟು ರುಚಿಯಾದ ಊಟ ಆ ವರ್ಷ ಬೇರೆ ನೆನಪಿಲ್ಲ.

ಮುಂದಿನ ವಾರ ಅವರ ನೆರೆಯವರೊಬ್ಬರು ಮೂಗುತಿ ತಂದರು. ಮೊದಲು ಒಂದು ಬೆಳಿಗ್ಗೆಯಲ್ಲಿ ಮುಗಿಯುತ್ತಿದ್ದ ಏಳೆಂಟು ಕಲ್ಲಿನ ಕೆಲಸಕ್ಕೆ ಈಗ ಎರಡು ದಿನ ಬೇಕು. ಬಂದವರಿಗೆ ಅದನ್ನು ಮೊದಲೇ ಹೇಳುತ್ತೇನೆ. ಕೆಲವರು ಪೇಟೆಗೆ ಹೋಗುತ್ತಾರೆ, ಕೆಲವರು ಕಾಯುತ್ತಾರೆ.