ಇಲ್ಲದ ಕಾರ್ಪೊರೇಟರ್ ಮೇಲೊಂದು ದೂರು

ನಮ್ಮ ಕಾರ್ಪೊರೇಟರ್ ಈಗ ಕಾರ್ಪೊರೇಟರ್ ಅಲ್ಲ. ಅವರ ಅವಧಿ ಮುಗಿದು ವರ್ಷಗಳಾದವು, ಆಮೇಲೆ ಚುನಾವಣೆಯೇ ನಡೆದಿಲ್ಲ. ಆದರೂ ಜೋಗುಪಾಳ್ಯದ ನಮ್ಮ ರಸ್ತೆಯಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಾರೆ. ಕುಡಿಯುವ ನೀರಿನ ಘಟಕದ ಬೀಗದ ಕೈ ಕೂಡ ಅವರ ಹಿಂಬಾಲಕನ ಜೇಬಿನಲ್ಲೇ ಇದೆ.

ಒಂದು ಬೆಳಿಗ್ಗೆ ಅವ್ವ ಕ್ಯಾನ್ ಹಿಡಿದು ಆ ಘಟಕದ ಮುಂದೆ ಸಾಲಿನಲ್ಲಿ ನಿಂತಿದ್ದಳು. ಹಿಂಬಾಲಕ ತನ್ನ ಕಡೆಯ ಇಬ್ಬರನ್ನು ಕರೆದು ಎಲ್ಲರಿಗಿಂತ ಮುಂದೆ ನಿಲ್ಲಿಸಿದ. ಕಾರ್ಪೊರೇಟರ್ ಅಲ್ಲೇ ಕುರ್ಚಿ ಹಾಕಿಸಿಕೊಂಡು ಟೀ ಕುಡಿಯುತ್ತಿದ್ದರು. ಹಾವೇರಿಯ ಮಾತನ್ನು ಇನ್ನೂ ಬಿಡದ ಅವ್ವ ಅವರನ್ನೇ ಕೇಳಿದಳು: "ನಾವೂ ಸಾಲಾಗ ನಿಂತೇವಲ್ರೀ. ಇವ್ರನ್ಯಾಕ ಮುಂದ ಬಿಡ್ತೀರಿ?"

ಅವರು ಎದ್ದು ಬಂದು ಕ್ಯಾನನ್ನು ಒದ್ದರು. "ಎಲ್ಲಿಂದಲೋ ಬಂದೋರು ನಮ್ಗೇ ಕಾನೂನು ಹೇಳ್ತಾರೆ. ಹೋಗಮ್ಮ, ನಿಮ್ಮೂರಲ್ಲೇ ಹಿಡ್ಕೋ ಹೋಗು ನೀರು!"

ಎರಡನೇ ಮಹಡಿಯ ಕಿಟಕಿಯಿಂದ ನೋಡುತ್ತಿದ್ದ ನಾನು ಕೆಳಗಿಳಿಯುವಷ್ಟರಲ್ಲಿ ಕ್ಯಾನ್ ಉರುಳಿ ಚರಂಡಿಯ ಅಂಚಿಗೆ ಬಂದಿತ್ತು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಅಂದಿನಿಂದ ಅವ್ವ ನೀರಿಗೆ ಎರಡು ರಸ್ತೆ ಆಚೆ ಹೋಗತೊಡಗಿದಳು. ತುಂಬಿದ ಕ್ಯಾನ್ ಹೊತ್ತು ಬರುವಾಗ ಹಾದಿಯಲ್ಲಿ ಅಲ್ಲಲ್ಲಿ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದಳು. ಅವಳು ಮತ್ತೆ ನಮ್ಮ ಸಾಲಿನಲ್ಲೇ ತಲೆಯೆತ್ತಿ ನಿಲ್ಲಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದವಳು ನಾನು. ವಿಷಯದ ಪರವಾಗಿಯೂ ಮಾತಾಡಬಲ್ಲೆ, ವಿರೋಧವಾಗಿಯೂ. ಒಂದು ದೂರು ಬರೆಯುವುದು ಎಷ್ಟರ ಮಾತು ಅಂದುಕೊಂಡು ವಾರ್ಡ್ ಆಫೀಸಿಗೆ ಹೋದೆ.

ಗುಮಾಸ್ತರು ಓದಿ ನಕ್ಕರು. "ಯಾವ ಕಾರ್ಪೊರೇಟರಮ್ಮ? ಈಗ ಕಾರ್ಪೊರೇಟರೇ ಇಲ್ವಲ್ಲ. ಅವರು ಈಗ ಸಾರ್ವಜನಿಕರು."

"ಹಾಗಾದ್ರೆ ಘಟಕದ ಕೀ ಅವರ ಹತ್ರ ಯಾಕಿದೆ ಸಾರ್?"

"ಸಾರ್ವಜನಿಕರ ಆಸ್ತಿ, ಸಾರ್ವಜನಿಕರ ಹತ್ರ ಇದೆ."

ಹತ್ತು ವೇದಿಕೆ ಹತ್ತಿದ್ದರೂ ಇಂಥ ಉತ್ತರ ನನಗೆ ಎದುರಾಗಿರಲಿಲ್ಲ. ಸರಿ, ಸಾರ್ವಜನಿಕರಾದರೆ ಪೊಲೀಸರಿದ್ದಾರಲ್ಲ ಎಂದು ಸ್ಟೇಷನ್ನಿಗೆ ಹೋದೆ. ಅಲ್ಲಿನ ಪೇದೆ ಹೆಸರು ನೋಡಿದ್ದೇ ಹಾಳೆಯನ್ನು ನನ್ನ ಕಡೆಗೇ ತಿರುಗಿಸಿದರು. "ಕಾರ್ಪೊರೇಟರ್ ಮೇಲಾ? ಅದೆಲ್ಲ ಕಾರ್ಪೊರೇಶನ್‌ನಲ್ಲಿ ಕೊಡ್ಬೇಕಮ್ಮ. ಅಲ್ಲಾ, ಸಾಕ್ಷಿ ಯಾರಿದ್ದಾರೆ?"

ಸಾಕ್ಷಿ ಇದ್ದರು. ನಮ್ಮ ಮನೆ ಓನರ್ ಆಂಟಿ ಅವತ್ತು ಸಾಲಿನಲ್ಲಿ ಅವ್ವನ ಹಿಂದೆಯೇ ನಿಂತಿದ್ದರು. ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ.

"ನೋಡಿದೆ ಮಾ. ಯಾಕೆ ನೋಡಿಲ್ಲ ಅನ್ಲಿ? ಆದ್ರೆ ಸೈನ್ ಹಾಕಲ್ಲ. ನಾಳೆ ನಮ್ಮ ಮನೆ ಮೋರಿ ಕಟ್ಕೊಂಡ್ರೆ ನೀನು ಡಿಬೇಟ್ ಮಾಡಿ ತೆಗೀತೀಯಾ?"

"ಎಲ್ಲರೂ ಹೀಗೇ ಅಂದ್ರೆ ಹೇಗೆ ಆಂಟಿ?"

"ಎಲ್ಲರೂ ಹೀಗೇ ಅಂತಾರಲ್ಲ, ಅದಕ್ಕೇ ನಾನೂ ಅಂದೆ." ಮುದ್ದಿಗೆ ತಮಿಳು ಬೆರೆಸಿ ನನ್ನ ಗಲ್ಲ ಹಿಡಿದರು. "ನೀನು ಸುಮ್ನಿರು ಕಣ್ಣು. ನಾನು ಒಂದು ದಾರಿ ಮಾಡ್ತೀನಿ."

ಅವರು ಮಾಡಿದ ದಾರಿ ಕಾರ್ಪೊರೇಟರ ಹುಟ್ಟುಹಬ್ಬದ ದಿನ ಘಟಕದ ಮೇಲೇ ತೂಗುತ್ತಿತ್ತು. ಅದೊಂದು ಫ್ಲೆಕ್ಸ್. ನಡುವೆ ಕೈಮುಗಿದ ಅವರ ದೊಡ್ಡ ಚಿತ್ರ, ಕೆಳಗೆ ವಾಡಿಕೆಯಂತೆ ಶುಭ ಕೋರುವವರ ಸಣ್ಣ ಸಣ್ಣ ಮುಖಗಳು. ಅವುಗಳ ನಡುವೆ ಅವ್ವ. ಪಕ್ಕದಲ್ಲಿ ಟ್ರೋಫಿ ಹಿಡಿದ ನಾನು. ನಾನೇ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದ ಫೋಟೊ.

"ನಾನೇ ಕಳಿಸ್ದೆ," ಎಂದರು ಆಂಟಿ, ಹೆಮ್ಮೆಯಿಂದ. "ಇನ್ಮೇಲೆ ಯಾರೂ ನಿಮ್ಮ ತಂಟೆಗೆ ಬರಲ್ಲ ನೋಡು. ಅಮ್ಮ ಪಾಪ, ಎಷ್ಟು ದೂರದಿಂದ ನೀರು ಹೊರ್ತಾರೆ!"

ಬೈಯೋಣವೆಂದರೆ ಅವರ ಕಣ್ಣಲ್ಲಿ ನಿಜವಾದ ಮರುಕವಿತ್ತು. ಕಿತ್ತುಹಾಕೋಣವೆಂದರೆ ಅದರ ಕೆಳಗೇ ಹಿಂಬಾಲಕ ಕೂತಿದ್ದ. ನನ್ನ ಬ್ಯಾಗಿನಲ್ಲಿ ದೂರು ಇನ್ನೂ ಇತ್ತು. ಇನ್ನು ಅದನ್ನು ಯಾರ ಮುಂದಿಟ್ಟರೂ ಅವರು ಫ್ಲೆಕ್ಸ್ ಕಡೆ ಬೆರಳು ತೋರಿಸಿದರೆ ಮುಗಿಯಿತು.

ಅವ್ವ ತಲೆಯೆತ್ತಿ ಅದರಲ್ಲಿದ್ದ ತನ್ನ ಮುಖ ನೋಡಿದಳು. "ಮಾರಿ ಛಲೋ ಬಂದೈತಿ ಬಿಡು," ಎಂದಳು. ಮರುದಿನ ಕ್ಯಾನ್ ಎತ್ತಿಕೊಂಡು ನಮ್ಮ ಸಾಲಿಗೇ ಹೊರಟಳು. ನಾನೂ ಹಿಂದೆ ಹೋದೆ.

ಹಿಂಬಾಲಕ ದೂರದಿಂದಲೇ ಕೂಗಿದ. "ಅಕ್ಕಾ, ಮುಂದೆ ಬನ್ನಿ! ನೀವ್ಯಾಕೆ ಅಲ್ಲಿ? ನಮ್ಮೋರು ನೀವು."

"ಬ್ಯಾಡಪಾ. ನಾ ಸಾಲಾಗ ನಿಲ್ತೇನಿ," ಎಂದು ಅವ್ವ ನೇರವಾಗಿ ಸಾಲಿನ ಕೊನೆಗೆ ನಡೆದಳು. ಅಲ್ಲಿ ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಒಮ್ಮೆ ಮೇಲಿನ ಫ್ಲೆಕ್ಸ್ ನೋಡಿದಳು, ಒಮ್ಮೆ ಅವ್ವನನ್ನು. ತನ್ನ ಕ್ಯಾನನ್ನು ಕಾಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ ಜಾಗ ಬಿಟ್ಟಳು.

"ನೀವು ಹೋಗಿ ಅಕ್ಕ, ಪರವಾಗಿಲ್ಲ."

ಅವಳ ಮುಂದಿದ್ದವಳೂ ಸರಿದಳು. ಅವಳ ಮುಂದಿದ್ದವನೂ. ನಲ್ಲಿಯವರೆಗೆ ದಾರಿ ತೆರೆದುಕೊಂಡಿತು. ಅವ್ವ ಖಾಲಿ ಕ್ಯಾನ್ ಹಿಡಿದು ನಿಂತಲ್ಲೇ ನಿಂತಿದ್ದಳು. ಅವಳು ನಿಲ್ಲುವುದಕ್ಕೆ ಅಲ್ಲಿ ಸಾಲೇ ಉಳಿದಿರಲಿಲ್ಲ.