ಮರಳಿನಲ್ಲಿ ನೆಟ್ಟ ಕೋಲು

ಕೊಕ್ಕರೆಯ ಸುದ್ದಿಯನ್ನು ಅವಳು ಮೊದಲು ಕೇಳಿದ್ದು ವಸತಿಗೃಹದ ಅಡುಗೆಮನೆಯಲ್ಲಿ, ಈರುಳ್ಳಿ ಹೆಚ್ಚುತ್ತಿದ್ದಾಗ. ಗಂಡ ತೀರಿಕೊಂಡ ಮೇಲೆ ಅಲ್ಲಿ ಅಡುಗೆಗೆ ಸೇರಿ ವಾರವಾಗಿತ್ತಷ್ಟೆ. ಮಾಲೀಕರು ಬಾಗಿಲಲ್ಲಿ ನಿಂತು, "ನಾಳೆ ಬೆಳಿಗ್ಗೆ ಎರಡು ಫ್ಲಾಸ್ಕ್ ಚಹಾ ಬೇಕಮ್ಮ. ಕೊಕ್ಕರೆ ಬರ್ತಾನೆ, ಅತಿಥಿಗಳಿಗೆ ಹಕ್ಕಿ ತೋರಿಸೋಕೆ" ಎಂದರು.

"ಹಕ್ಕಿ ತೋರಿಸೋಕೂ ಒಬ್ಬ ಬೇಕಾ? ನಮ್ಮ ಹಿತ್ತಲ ಕಾಗೆ ಕರೆಯದೇ ಬಂದು ದರ್ಶನ ಕೊಡುತ್ತೆ."

ಮರುದಿನ ಬಂದ. ಉದ್ದ ಕಾಲು, ಬಾಗಿದ ಕತ್ತು, ಕೆಸರಿನ ಬಣ್ಣದ ಅಂಗಿ, ಕೊರಳಲ್ಲಿ ದುರ್ಬೀನು. ಊರವರು ಇಟ್ಟ ಹೆಸರು ಸುಳ್ಳಲ್ಲ. ಮೊದಲು ದೋಣಿಯಲ್ಲಿ ಜನರನ್ನು ದಾಟಿಸುತ್ತಿದ್ದವನು, ಸೇತುವೆ ಬಂದ ಮೇಲೆ ಹಕ್ಕಿಗಳನ್ನು ನಂಬಿಕೊಂಡ. ಓದಿದ್ದು ಅವಳಷ್ಟೇ, ನಾಲ್ಕನೇ ತರಗತಿ. ಆದರೆ ರೆಕ್ಕೆಯ ಸದ್ದು ಕೇಳಿಯೇ ಹಕ್ಕಿಯ ಜಾತಕ ಹೇಳುತ್ತಿದ್ದ.

ದೋಣಿಯಲ್ಲಿ ಒಂದು ಜಾಗ ಉಳಿದಿತ್ತು. "ಬನ್ನಿ ಅಕ್ಕಾ, ಕಾಗೆಗಿಂತ ಚೆನ್ನಾಗಿರೋದು ತೋರಿಸ್ತೀನಿ" ಎಂದ. ಮಾಲೀಕರು ಮಾತು ಮುಟ್ಟಿಸಿದ್ದರು. ಅವಳು ನಾಚಿಕೊಂಡೇ ಹತ್ತಿದಳು.

ನದಿ ಕಡಲು ಸೇರುವಲ್ಲಿ ಒಂದು ಮರಳುದಿಬ್ಬ. ಅಲ್ಲಿ ಇಳಿದ ಮೇಲೆ ಅವನ ಕಟ್ಟಳೆಗಳು ಶುರುವಾದವು. ಬೆರಳು ತೋರಿಸಬಾರದು, ಗದ್ದದಿಂದ ತೋರಿಸಬೇಕು. ಗೂಡಿನ ಹತ್ತಿರ ನಿಲ್ಲಬಾರದು. ಏನನ್ನೂ ಬಿಟ್ಟು ಬರಬಾರದು. "ಕಾಗೆಗೆ ಓದೋಕೆ ಬರುತ್ತೆ ಕಣಕ್ಕ. ಮರಳಲ್ಲಿ ನಾವು ಏನು ಬರೆದರೂ ಓದಿಬಿಡುತ್ತೆ, ನೆಟ್ಟಗೆ ಮೊಟ್ಟೆ ಹುಡುಕ್ಕೊಂಡು ಬರುತ್ತೆ."

ದೂರದಲ್ಲಿ ಸ್ಟ್ಯಾಂಡಿನ ಮೇಲೆ ಟೆಲಿಸ್ಕೋಪ್ ನಿಲ್ಲಿಸಿ ಒಬ್ಬೊಬ್ಬರಿಗೇ ತೋರಿಸಿದ. ಮರಳಿನದೇ ಬಣ್ಣದ ಪುಟ್ಟ ಹಕ್ಕಿ, ಅದರ ಹೊಟ್ಟೆಯಡಿ ಕಲ್ಲುಹರಳಿನಂಥ ಮೂರು ಮೊಟ್ಟೆ. ಆರು ವರ್ಷದ ನಂತರ ಅದು ಅಲ್ಲಿ ಕೂತಿತ್ತಂತೆ. ಹೇಳುವಾಗ ಅವನ ದನಿ ಬಾಣಂತಿ ಕೋಣೆಯ ಹೊರಗೆ ನಿಂತವನ ದನಿಯಂತಿತ್ತು.

ವಾಪಸು ಹೊರಟಾಗ ಅವಳು ಫ್ಲಾಸ್ಕ್ ಮರೆತಿದ್ದಳು. ಒಬ್ಬಳೇ ಹಿಂದೆ ಓಡಿದಾಗ ಕಂಡದ್ದು ಏಡಿ ಹಿಡಿಯುವವರ ಹೆಜ್ಜೆಗಳು, ಗೂಡಿನತ್ತಲೇ ಸಾಗಿದ್ದವು. ತುಳಿದುಬಿಟ್ಟರೆ? ತೇಲಿಬಂದ ಕೋಲೊಂದನ್ನು ಮೊಟ್ಟೆಗಳ ಪಕ್ಕ ನೆಟ್ಟಳು. ಸೊಂಟದಲ್ಲಿ ಸಿಕ್ಕಿಸಿದ್ದ ನೀಲಿ ಚೌಕುಳಿ ಒರೆಸುಬಟ್ಟೆ ಹರಿದು ಅದಕ್ಕೆ ಕಟ್ಟಿದಳು. ಪುಣ್ಯ ಕಟ್ಟಿಕೊಂಡೆ ಎಂದುಕೊಂಡು ದೋಣಿ ಹತ್ತಿದಳು.

ಮರುದಿನ ಕೊಕ್ಕರೆ ಬೇಗ ಬಂದು ಅಡುಗೆಮನೆಯ ಮೆಟ್ಟಿಲ ಮೇಲೆ ಕುಕ್ಕರಿಸಿದ.

"ಕಾಗೆಗಳು ತಿಂದುಬಿಟ್ಟವು ಅಕ್ಕ. ಮೂರೂ."

ಅವಳು ಸೌಟು ಕೆಳಗಿಟ್ಟು ಅವನತ್ತ ತಿರುಗಿದಳು.

"ನಿನ್ನೆ ನಾನೇ ಜನರನ್ನ ಜಾಸ್ತಿ ಹೊತ್ತು ನಿಲ್ಲಿಸಿದೆ. ನನ್ನದೇ ತಪ್ಪು."

ಆಗಲೇ ಹೇಳಬೇಕಿತ್ತು. ಹೇಳಿದ್ದು, "ಚಹಾ ಕುಡಿ ತಮ್ಮಾ" ಎಂದಷ್ಟೆ.

ಆಮೇಲೆ ಅವನು ಯಾರನ್ನೂ ಆ ದಿಬ್ಬಕ್ಕೆ ಕರೆದೊಯ್ಯಲಿಲ್ಲ. ಅತಿಥಿಗಳು ಗೊಣಗಿದರು, ಮಾಲೀಕರು ಬೈದರು. ಅವನು ದೋಣಿಯನ್ನು ಬೇರೆ ದಂಡೆಗೆ ತಿರುಗಿಸುತ್ತಿದ್ದ. ಹನ್ನೊಂದು ವರ್ಷ ಅವನ ಲೋಟಕ್ಕೆ ಅವಳು ಕೆನೆ ಹೆಚ್ಚು ಹಾಕಿದಳು.

"ಏನಕ್ಕ, ನನ್ನ ಮೇಲೆ ಇಷ್ಟೊಂದು ಅಕ್ಕರೆ?" ಎಂದು ಅವನು ಕೆಣಕಿದರೆ ಒಲೆಯ ಕಡೆ ತಿರುಗುತ್ತಿದ್ದಳು.

ಅವನು ಹಾಸಿಗೆ ಹಿಡಿದಾಗ ನೋಡಲು ಹೋದಳು. ಕಾಲುಗಳು ಮಂಚದಿಂದ ಆಚೆ ಚಾಚಿದ್ದವು. ಗೋಡೆಯ ಮೊಳೆಗೆ ನೇತುಹಾಕಿದ್ದ ದುರ್ಬೀನನ್ನು ಹೆಂಡತಿಯ ಕೈಯಿಂದ ತೆಗೆಸಿ ನೋಡಲು ಬಂದವಳ ಮಡಿಲಿಗೆ ಇಡಿಸಿದ. ತುಂಡಾಗಿದ್ದ ಅದರ ಪಟ್ಟಿಯನ್ನು ಒಂದು ಬಟ್ಟೆಚೂರಿನಿಂದ ಗಂಟು ಹಾಕಿತ್ತು. ನೀಲಿ ಚೌಕುಳಿ, ಬಿಸಿಲಿಗೆ ಮಾಸಿದ್ದು.

"ತಮ್ಮಾ, ಆವತ್ತು ನಾನು..."

"ದಿಬ್ಬದ ಮೇಲೆ ಮತ್ತೆ ಕೂತಿದೆಯಂತೆ ಅಕ್ಕ," ಎಂದ. "ಬಿಸಿಲೇರೋ ಮುಂಚೆ ಹೋಗಿ ನೋಡ್ಕೊಂಡು ಬಂದು ಎಷ್ಟು ಮೊಟ್ಟೆ ಅಂತ ಹೇಳ್ತೀರಾ? ದೂರದಿಂದಲೇ ನೋಡಿ. ಈ ಸಲ ಕೋಲು ನೆಡಬೇಡಿ."